ಕನ್ನಡ ಮಾಧ್ಯಮದಿಂದ ಬಂದವರಿಗೆ ಎಲ್‌ಎಲ್‌ಬಿ: ಸೀಟಿನಿಂದ ಸನದಿನವರೆಗೆ ಹಂತ ಹಂತದ ಮಾರ್ಗದರ್ಶಿ

ಸೆಮಿಸ್ಟರ್ ಫಲಿತಾಂಶ ಬಂದ ವಾರ ನನ್ನ ಆಫೀಸಿಗೆ ನಾಲ್ಕೈದು ಹುಡುಗ ಹುಡುಗಿಯರು ತಪ್ಪದೇ ಬರುತ್ತಾರೆ. ಜಮಖಂಡಿ, ಇಂಡಿ, ಗೋಕಾಕ, ಮುದ್ದೇಬಿಹಾಳ ಕಡೆಯವರು. "ಸರ್, ಎರಡು ಪೇಪರ್ ಬ್ಯಾಕ್ ಉಳಿದಾವ್ರಿ. ಓದಿದ್ದೆ ರೀ, ಖರೇನ ಓದಿದ್ದೆ" ಅಂತಾರೆ. ನಾನು ನಂಬುತ್ತೇನೆ. ಓದಿರುತ್ತಾರೆ. ಆದರೆ ಓದಿದ ಕ್ರಮ ತಲೆಕೆಳಗು. ಪರೀಕ್ಷೆಗೆ ಇಪ್ಪತ್ತು ದಿನ ಇದ್ದಾಗ ಗೈಡ್ ಹಿಡಿದಿರುತ್ತಾರೆ, ಕಾಯ್ದೆಯ ಪುಸ್ತಕ ತೆರೆದೇ ಇರುವುದಿಲ್ಲ, ಕೋರ್ಟಿನ ಒಳಗೆ ಒಂದು ದಿನವೂ ಕೂತಿರುವುದಿಲ್ಲ.

ಈ ಕ್ರಮವನ್ನು ತಿರುಗಿಸಬೇಕು. ಮೊದಲು ಕಾಯ್ದೆ, ಆಮೇಲೆ ತೀರ್ಪು, ಜೊತೆಗೇ ಕೋರ್ಟು, ಆಮೇಲೆ ಉತ್ತರ ಬರೆಯುವ ಅಭ್ಯಾಸ. ಗೈಡ್ ಕೊನೆಗೆ. ಬೆಳಗಾವಿ, ಬಾಗಲಕೋಟೆ, ವಿಜಯಪುರದ ಕಾಲೇಜುಗಳಲ್ಲಿ, ಅಂದರೆ ಹುಬ್ಬಳ್ಳಿಯ ಕರ್ನಾಟಕ ರಾಜ್ಯ ಕಾನೂನು ವಿಶ್ವವಿದ್ಯಾಲಯದ ಅಡಿ ಓದುವವರನ್ನು ಮನಸ್ಸಲ್ಲಿಟ್ಟು ಇದನ್ನು ಬರೆದಿದ್ದೇನೆ.

ಮೊದಲು ಕೂಡಿಸಿಕೊಳ್ಳಬೇಕಾದ ಸಾಮಾನು

ಜಾಸ್ತಿ ಖರ್ಚಿಲ್ಲ. ಪ್ರತಿ ವಿಷಯಕ್ಕೆ ಒಂದು ಬೇರ್ ಆ್ಯಕ್ಟ್, ಅಂದರೆ ಟಿಪ್ಪಣಿ ಏನೂ ಇಲ್ಲದ ಬರೀ ಕಾಯ್ದೆಯ ಪುಸ್ತಕ. ಇನ್ನೂರು ಪುಟದ ಒಂದು ನೋಟ್‌ಬುಕ್, ಪೋಸ್ಟ್ ಕಾರ್ಡ್ ಅಳತೆಯ ದಪ್ಪ ಹಾಳೆಗಳು, ಮೂರು ಬಣ್ಣದ ಪೆನ್ನು. ಹಿಂದಿನ ಐದಾರು ಸೆಮಿಸ್ಟರ್‌ಗಳ ಪ್ರಶ್ನೆಪತ್ರಿಕೆಗಳ ಜೆರಾಕ್ಸ್. ಕೇಂದ್ರದ ಕಾಯ್ದೆಗಳು ಇಂಡಿಯಾ ಕೋಡ್ ಜಾಲತಾಣದಲ್ಲಿ ಪುಕ್ಕಟೆ ಸಿಗುತ್ತವೆ. ಸುಪ್ರೀಂ ಕೋರ್ಟ್ ತೀರ್ಪುಗಳು ಇ-ಎಸ್‌ಸಿಆರ್ ತಾಣದಲ್ಲಿ ಪುಕ್ಕಟೆ ಇವೆ.

ಸೆಕೆಂಡ್ ಹ್ಯಾಂಡ್ ಪುಸ್ತಕ ಕೊಳ್ಳುವಾಗ ಎಚ್ಚರ. 2024ರ ಜುಲೈ 1ರಿಂದ ಐಪಿಸಿ, ಸಿಆರ್‌ಪಿಸಿ, ಸಾಕ್ಷ್ಯ ಅಧಿನಿಯಮ ಮೂರೂ ಹೋಗಿ ಭಾರತೀಯ ನ್ಯಾಯ ಸಂಹಿತೆ, ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ, ಭಾರತೀಯ ಸಾಕ್ಷ್ಯ ಅಧಿನಿಯಮ ಬಂದಿವೆ. ಸೀನಿಯರ್ ಕೊಟ್ಟ ಹಳೇ ಗೈಡ್ ಓದಿ ಕೊಲೆಗೆ ಕಲಂ 302 ಅಂತ ಬರೆದರೆ ತಪ್ಪಾಗುತ್ತದೆ. ಈಗ ಅದು ನ್ಯಾಯ ಸಂಹಿತೆಯ 103. ವಂಚನೆಯ 420 ಈಗ 318ರ ಉಪಕಲಂ 4. ಪೊಲೀಸರು ಎಫ್‌ಐಆರ್ ದಾಖಲಿಸುವ 154 ಈಗ ಸುರಕ್ಷಾ ಸಂಹಿತೆಯ 173. ಹಾಗಂತ ಹಳೆಯದನ್ನು ಪೂರ್ತಿ ಬಿಡುವಂತಿಲ್ಲ. ಆ ತಾರೀಖಿಗಿಂತ ಮೊದಲು ನಡೆದ ಅಪರಾಧಕ್ಕೆ ಐಪಿಸಿಯೇ ಅನ್ವಯ. ಕೋರ್ಟಿನಲ್ಲಿ ಇನ್ನೂ ವರ್ಷಗಟ್ಟಲೆ ಎರಡೂ ನಡೆಯುತ್ತವೆ. ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿ ಹಳೇ ನಂಬರು, ಹೊಸ ನಂಬರು ಅಂತ ಎರಡು ಸಾಲು ಎಳೆದು, ಸಿಕ್ಕ ಹಾಗೆ ತುಂಬುತ್ತಾ ಹೋಗಿ.

ಹಂತ 1: ಸೀಟು ಹಿಡಿಯುವ ಮೊದಲು ನೋಡಬೇಕಾದದ್ದು

ಪಿಯುಸಿ ಮುಗಿಸಿದವರಿಗೆ ಐದು ವರ್ಷದ ಕೋರ್ಸ್, ಯಾವುದೇ ಪದವಿ ಆದವರಿಗೆ ಮೂರು ವರ್ಷದ್ದು. ಬಾರ್ ಕೌನ್ಸಿಲ್ ಆಫ್ ಇಂಡಿಯಾ ನಿಯಮದ ಪ್ರಕಾರ ಸಾಮಾನ್ಯ ವರ್ಗಕ್ಕೆ ಕನಿಷ್ಠ 45, ಹಿಂದುಳಿದ ವರ್ಗಕ್ಕೆ 42, ಪರಿಶಿಷ್ಟ ಜಾತಿ ಮತ್ತು ಪಂಗಡಕ್ಕೆ 40 ಪ್ರತಿಶತ ಅಂಕ ಬೇಕು. ನಮ್ಮ ಭಾಗದ ಸಂಯೋಜಿತ ಕಾಲೇಜುಗಳಿಗೆ ಕ್ಲ್ಯಾಟ್ ಬೇಕಿಲ್ಲ. ಅದು ರಾಷ್ಟ್ರೀಯ ಕಾನೂನು ಶಾಲೆಗಳಿಗೆ ಬರೆಯುವ ಪರೀಕ್ಷೆ.

ಕಾಲೇಜಿಗೆ ಬಾರ್ ಕೌನ್ಸಿಲ್ ಮಾನ್ಯತೆ ಈ ವರ್ಷಕ್ಕೆ ಇದೆಯಾ ಅಂತ ಕೇಳಿ, ಪತ್ರ ತೋರಿಸಿ ಅನ್ನಿ. ಕೇಳಲು ಸಂಕೋಚ ಬೇಡ. ದೂರಶಿಕ್ಷಣದಲ್ಲಿ, ಅಂಚೆ ಮೂಲಕ ಎಲ್‌ಎಲ್‌ಬಿ ಮಾಡಿಸುತ್ತೇವೆ ಅನ್ನುವವರನ್ನು ನಂಬಬೇಡಿ. ಅಂಥ ಪದವಿಗೆ ಸನದು, ಅಂದರೆ ವಕೀಲರಾಗಿ ನೋಂದಣಿ, ಸಿಗುವುದಿಲ್ಲ. ಎಸ್‌ಎಸ್‌ಎಲ್‌ಸಿ ಅಥವಾ ಪಿಯುಸಿ ಮಾಡದೆ ನೇರವಾಗಿ ಮುಕ್ತ ವಿಶ್ವವಿದ್ಯಾಲಯದಲ್ಲಿ ಪದವಿ ಪಡೆದವರಿಗೂ ಇದೇ ತೊಂದರೆ. ಮೂರು ವರ್ಷ ಕಳೆದ ಮೇಲೆ ಗೊತ್ತಾದರೆ ಮಾಡುವುದೇನೂ ಇರುವುದಿಲ್ಲ.

ರಾಣಿ ಚನ್ನಮ್ಮ ವಿಶ್ವವಿದ್ಯಾಲಯ ಅಥವಾ ಅಕ್ಕಮಹಾದೇವಿ ಮಹಿಳಾ ವಿಶ್ವವಿದ್ಯಾಲಯದಿಂದ ಪದವಿ ಮುಗಿಸಿ ಬರುವವರು ಮೈಗ್ರೇಷನ್ ಸರ್ಟಿಫಿಕೇಟಿಗೆ ಮೊದಲೇ ಅರ್ಜಿ ಹಾಕಿ. ಜಾತಿ ಮತ್ತು ಆದಾಯ ಪ್ರಮಾಣಪತ್ರ ನಾಡಕಚೇರಿಯಿಂದ ತೆಗೆಸಿಡಿ, ಎಸ್‌ಎಸ್‌ಪಿ ಸ್ಕಾಲರ್‌ಶಿಪ್‌ಗೆ ಬೇಕೇ ಬೇಕು. ಎಲ್ಲ ಕಾಗದದಲ್ಲೂ ಹೆಸರಿನ ಅಕ್ಷರ ಒಂದೇ ಇರಲಿ. ಒಂದರಲ್ಲಿ ಅಡ್ಡಹೆಸರು ಇದ್ದು ಇನ್ನೊಂದರಲ್ಲಿ ಇಲ್ಲದಿದ್ದರೆ ಈಗಲೇ ಸರಿಪಡಿಸಿ, ಸನದಿನ ಸಮಯಕ್ಕೆ ಅದೇ ದೊಡ್ಡ ತಕರಾರಾಗುತ್ತದೆ.

ಹಂತ 2: ಹಾಜರಾತಿಯ ಲೆಕ್ಕ ಮೊದಲ ದಿನದಿಂದ

ನಿಯಮದಲ್ಲಿರುವುದು ಪ್ರತಿ ವಿಷಯಕ್ಕೆ ಕನಿಷ್ಠ 70 ಪ್ರತಿಶತ. ಬಲವಾದ ಕಾರಣ ಇದ್ದರೆ ಒಂದು ವಿಷಯದಲ್ಲಿ 65 ಇದ್ದರೂ ಪ್ರಾಂಶುಪಾಲರು ಒಪ್ಪಬಹುದು, ಆದರೆ ಎಲ್ಲ ವಿಷಯ ಸೇರಿ 70 ಇರಬೇಕು. ಕೆಲಸ ಮಾಡಿಕೊಂಡು "ಸುಮ್ನೆ ಹೆಸರು ಹಚ್ಚಿದರೆ ಸಾಕು" ಅಂತ ಸೇರುವವರು ಇಲ್ಲೇ ಸಿಕ್ಕಿಹಾಕಿಕೊಳ್ಳುತ್ತಾರೆ. 2024ರ ಸೆಪ್ಟೆಂಬರ್‌ನ ಸುತ್ತೋಲೆಯಲ್ಲಿ ಬಾರ್ ಕೌನ್ಸಿಲ್ ಆಫ್ ಇಂಡಿಯಾ ವಿದ್ಯಾರ್ಥಿಗಳಿಂದ ನೌಕರಿ, ಹಾಜರಾತಿ, ಜೊತೆಗೆ ಮತ್ತೊಂದು ರೆಗ್ಯುಲರ್ ಪದವಿ ಓದುತ್ತಿದ್ದಾರಾ ಎಂಬ ಬಗ್ಗೆ ಘೋಷಣೆ ಕೇಳಿದೆ. ಸುಳ್ಳು ಬರೆದು ಕೊಟ್ಟ ಕಾಗದ ಮುಂದೆ ನಿಮ್ಮ ಕೈಗೇ ಬೇಡಿಯಾಗುತ್ತದೆ.

ಬಸ್ ಪಾಸಿನ ಮೇಲೆ ದಿನಾ ಹಳ್ಳಿಯಿಂದ ಓಡಾಡುವವರು ಕ್ಲಾಸಿಗೆ ಹೋದ ದಿನಗಳನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಳ್ಳಿ. ಕಬ್ಬಿನ ಸುಗ್ಗಿ, ಮನೆಯ ಮದುವೆ, ಜಾತ್ರೆ ಅಂತ ಎಷ್ಟು ದಿನ ಹೋಗುತ್ತವೆ ಅನ್ನುವುದು ಆಗ ಕಣ್ಣಿಗೆ ಕಾಣುತ್ತದೆ.

ಹಂತ 3: ಉತ್ತರದ ಭಾಷೆ ಮೊದಲ ತಿಂಗಳಲ್ಲೇ ನಿಕ್ಕಿ ಮಾಡಿ

ಪ್ರಶ್ನೆಪತ್ರಿಕೆ ಎರಡೂ ಭಾಷೆಯಲ್ಲಿ ಬರುತ್ತದೆ. ಮೇಲಿನ ಸೂಚನೆಯಲ್ಲಿ ಸ್ಪಷ್ಟವಾಗಿ ಬರೆದಿರುತ್ತದೆ: ಉತ್ತರ ಪೂರ್ತಿಯಾಗಿ ಇಂಗ್ಲಿಷ್‌ನಲ್ಲಿ ಇಲ್ಲವೇ ಪೂರ್ತಿಯಾಗಿ ಕನ್ನಡದಲ್ಲಿ ಇರಬೇಕು. ಎರಡು ಪ್ರಶ್ನೆ ಇಂಗ್ಲಿಷಿನಲ್ಲಿ ಬರೆದು, ಸುಸ್ತಾಗಿ ಮೂರನೆಯದಕ್ಕೆ ಕನ್ನಡಕ್ಕೆ ಬರುವವರನ್ನು ನೋಡಿದ್ದೇನೆ. ಅಂಕ ಕಳೆದುಕೊಳ್ಳುವ ನೇರ ದಾರಿ ಅದು.

ನನ್ನ ಅಭಿಪ್ರಾಯ ಹೇಳುತ್ತೇನೆ. ಪಿಯುಸಿವರೆಗೆ ಕನ್ನಡದಲ್ಲೇ ಓದಿದವರು ಕನ್ನಡದಲ್ಲೇ ಬರೆಯಿರಿ. ಅದರಲ್ಲಿ ನಾಚಿಕೆ ಪಡುವಂಥದ್ದು ಏನೂ ಇಲ್ಲ. ನಮ್ಮ ತಾಲೂಕು ಕೋರ್ಟುಗಳಲ್ಲಿ ಸಾಕ್ಷಿ ಹೇಳುವವರು, ಕಕ್ಷಿದಾರರು, ಕಾಗದಪತ್ರ ಎಲ್ಲ ಕನ್ನಡದಲ್ಲೇ ಇರುತ್ತವೆ. ಆದರೆ ಇಂಗ್ಲಿಷ್ ಓದುವುದನ್ನು ಮಾತ್ರ ಬಿಡಬೇಡಿ. ಹೈಕೋರ್ಟ್, ಸುಪ್ರೀಂ ಕೋರ್ಟ್ ತೀರ್ಪುಗಳಲ್ಲಿ ಹೆಚ್ಚಿನವು ಅದರಲ್ಲೇ ಇವೆ. ಬರೆಯುವುದು ಕನ್ನಡ, ಓದುವುದು ಎರಡೂ.

ಇದಕ್ಕೊಂದು ಉಪಾಯ ಇದೆ. ಒಂದು ಹಾಳೆಯಲ್ಲಿ ಮೂರು ಸಾಲು ಎಳೆಯಿರಿ. ಮೊದಲನೆಯದರಲ್ಲಿ ಇಂಗ್ಲಿಷ್ ಪದ, ಎರಡನೆಯದರಲ್ಲಿ ಪುಸ್ತಕದ ಕನ್ನಡ, ಮೂರನೆಯದರಲ್ಲಿ ನಮ್ಮ ಕೋರ್ಟಿನ ಕಟ್ಟೆಯ ಮೇಲೆ ಆಡುವ ಮಾತು. ರಿಟನ್ ಸ್ಟೇಟ್‌ಮೆಂಟ್ ಅಂದರೆ ಪುಸ್ತಕದಲ್ಲಿ ಲಿಖಿತ ಹೇಳಿಕೆ, ಕೋರ್ಟಿನಲ್ಲಿ ಕೈಫಿಯತ್ತು. ಪಾರ್ಟಿಷನ್ ಅಂದರೆ ವಿಭಜನೆ, ಊರಲ್ಲಿ ವಾಟ್ನಿ. ಆರ್‌ಟಿಸಿ ಅಂದರೆ ಪಹಣಿ, ನಮ್ಮವರ ಬಾಯಲ್ಲಿ ಉತಾರ. ಕನ್ಸಿಡರೇಷನ್ ಅಂದರೆ ಪ್ರತಿಫಲ, ಟಾರ್ಟ್ ಅಂದರೆ ಅಪಕೃತ್ಯ. ಪರೀಕ್ಷೆಗೆ ಎರಡನೇ ಸಾಲಿನ ಪದ ಬಳಸಿ. ಮೂರನೇ ಸಾಲು ಮುಂದೆ ಹೊಟ್ಟೆಪಾಡಿಗೆ ಬೇಕಾಗುತ್ತದೆ.

ಹಂತ 4: ಕಾಯ್ದೆಯನ್ನು ಬಿಡಿಸಿ ಓದಿ

ಫೇಲಾಗುವವರೆಲ್ಲ ಈ ಹಂತವನ್ನು ದಾಟಿ ಹಾರಿರುತ್ತಾರೆ. ಅದಕ್ಕೇ ಇಲ್ಲಿ ಸ್ವಲ್ಪ ಜಾಸ್ತಿ ನಿಲ್ಲುತ್ತೇನೆ.

ದಿನಕ್ಕೆ ಮೂರೇ ಕಲಂ. ಒಂದು ಕಲಮನ್ನು ಹೇಗೆ ಓದಬೇಕು ಅಂತ ನ್ಯಾಯ ಸಂಹಿತೆಯ 303, ಅಂದರೆ ಕಳವಿನ ಮೇಲೆ ತೋರಿಸುತ್ತೇನೆ. ಮೊದಲು ಇಡೀ ವಾಕ್ಯವನ್ನು ಜೋರಾಗಿ ಓದಿ. ಆಮೇಲೆ ಪೆನ್ಸಿಲ್ ಹಿಡಿದು ತುಂಡು ಮಾಡಿ. ಐದು ತುಂಡು ಸಿಗುತ್ತವೆ. ಅಪ್ರಾಮಾಣಿಕ ಉದ್ದೇಶ ಇರಬೇಕು. ವಸ್ತು ಚರ ಸ್ವತ್ತಾಗಿರಬೇಕು. ಅದು ಬೇರೆಯವರ ಸ್ವಾಧೀನದಲ್ಲಿರಬೇಕು. ಅವರ ಒಪ್ಪಿಗೆ ಇರಬಾರದು. ಅದನ್ನು ಒಯ್ಯುವುದಕ್ಕಾಗಿ ಜಾಗದಿಂದ ಕದಲಿಸಿರಬೇಕು. ಐದರಲ್ಲಿ ಒಂದು ಇಲ್ಲದಿದ್ದರೂ ಕಳವು ಆಗುವುದಿಲ್ಲ.

ಈಗ ನಿಮ್ಮ ಊರಿಗೆ ಬನ್ನಿ. ಹೊಲದಲ್ಲಿ ನಿಂತಿರುವ ಕಬ್ಬು ಚರ ಸ್ವತ್ತಾ? ಅಲ್ಲ, ಅದು ಭೂಮಿಗೆ ಅಂಟಿಕೊಂಡಿದೆ. ಹಾಗಾದರೆ ರಾತ್ರಿ ಬಂದು ಕಬ್ಬು ಕಡಿದವನು ಕಳ್ಳ ಅಲ್ವಾ? ಉತ್ತರ ಕಲಮಿನ ಕೆಳಗಿರುವ ವಿವರಣೆಯಲ್ಲಿದೆ. ಭೂಮಿಯಿಂದ ಬೇರ್ಪಟ್ಟ ಕೂಡಲೇ ಅದು ಕಳವಾಗಬಲ್ಲ ವಸ್ತುವಾಗುತ್ತದೆ. ಬೇರ್ಪಡಿಸುವ ಕೆಲಸವೇ ಕದಲಿಸುವ ಕೆಲಸವೂ ಆಗಬಹುದು. ಅದರ ಕೆಳಗಿನ ಮೊದಲ ದೃಷ್ಟಾಂತ ಮರ ಕಡಿಯುವವನದ್ದು. ಒಯ್ಯುವ ಉದ್ದೇಶದಿಂದ ಕಡಿದ ಆ ಕ್ಷಣಕ್ಕೇ ಕಳವು ಪೂರ್ತಿಯಾಯಿತು, ಟ್ರ್ಯಾಕ್ಟರಿಗೆ ಹೇರುವವರೆಗೆ ಕಾಯಬೇಕಿಲ್ಲ.

ನೋಡಿ, ಗೈಡಿನಲ್ಲಿ ಇದಕ್ಕೆ ಎರಡು ಪುಟದ ಉತ್ತರ ಇರುತ್ತದೆ. ಅದನ್ನು ಬಾಯಿಪಾಠ ಮಾಡಿದವರಿಗೆ ಪ್ರಶ್ನೆ ಸ್ವಲ್ಪ ತಿರುಗಿದರೂ ಕೈ ನಡುಗುತ್ತದೆ. ತುಂಡು ಮಾಡಿ ಓದಿದವರಿಗೆ ಯಾವ ಪ್ರಶ್ನೆ ಬಂದರೂ ಐದು ತುಂಡು ಎದುರಿಗೆ ನಿಲ್ಲುತ್ತವೆ.

ವಿವರಣೆ, ವಿನಾಯಿತಿ, ದೃಷ್ಟಾಂತ, ಪರಂತುಕ ("ಆದರೆ" ಅಂತ ಶುರುವಾಗುವ ಷರತ್ತು, ಪ್ರೊವೈಸೊ): ಈ ನಾಲ್ಕನ್ನು ಬೇರೆ ಬೇರೆ ಬಣ್ಣದಲ್ಲಿ ಗುರುತು ಮಾಡಿ. ಮೂರು ಪೆನ್ನು ಒಂದು ಪೆನ್ಸಿಲ್ ಸಾಕು. ಕೆಡುವ ಮುನ್ಸೂಚನೆ ಯಾವುದೆಂದರೆ, ಕಲಮಿನ ನಂಬರು ನೆನಪಿದೆ, ಆದರೆ ಅದರಲ್ಲಿ ಏನೇನು ಸೇರಬೇಕು ಅಂತ ಕೇಳಿದರೆ ಬೆರಳು ಮಡಚಿ ಹೇಳಲು ಬರುವುದಿಲ್ಲ. ಹಾಗಾದರೆ ಆ ಕಲಂ ಇನ್ನೂ ನಿಮ್ಮದಾಗಿಲ್ಲ.

ಹಂತ 5: ಪ್ರತಿ ತೀರ್ಪಿಗೆ ಒಂದು ಕಾರ್ಡು

ದಪ್ಪ ಹಾಳೆ ತೆಗೆದುಕೊಂಡು ನಾಲ್ಕೇ ಸಾಲು. ಹೆಸರು ಮತ್ತು ವರ್ಷ, ನಡೆದದ್ದೇನು, ಪ್ರಶ್ನೆ ಏನು, ಕೋರ್ಟು ಹೇಳಿದ್ದೇನು. ಒಂದು ಮಾದರಿ: ಎಸ್.ಆರ್. ಬೊಮ್ಮಾಯಿ ಪ್ರಕರಣ, 1994. 1989ರಲ್ಲಿ ಕರ್ನಾಟಕ ಸರ್ಕಾರವನ್ನು ವಜಾ ಮಾಡಿ ರಾಷ್ಟ್ರಪತಿ ಆಳ್ವಿಕೆ ಹೇರಲಾಯಿತು. ವಿಧಿ 356ರ ಘೋಷಣೆಯನ್ನು ಕೋರ್ಟು ಪರಿಶೀಲಿಸಬಹುದಾ? ಒಂಬತ್ತು ನ್ಯಾಯಮೂರ್ತಿಗಳ ಪೀಠ ಪರಿಶೀಲಿಸಬಹುದು ಎಂದಿತು, ಬಹುಮತದ ಪರೀಕ್ಷೆ ಸದನದಲ್ಲೇ ಆಗಬೇಕು ಎಂದಿತು.

ಒಂದು ವಿಷಯಕ್ಕೆ ಹದಿನೈದರಿಂದ ಇಪ್ಪತ್ತು ಕಾರ್ಡು ಸಾಕು. ಹೆಸರು ಗೊತ್ತಿಲ್ಲದಿದ್ದರೆ ಊಹೆ ಮಾಡಿ ಬರೆಯಬೇಡಿ. "ಸುಪ್ರೀಂ ಕೋರ್ಟ್ ಒಂದು ಪ್ರಕರಣದಲ್ಲಿ ಹೇಳಿರುವಂತೆ" ಅಂತ ಬರೆದು ತತ್ವ ಸರಿಯಾಗಿ ಹೇಳಿದರೆ ಅಂಕ ಬರುತ್ತದೆ. ಇಲ್ಲದ ಪ್ರಕರಣ ಹುಟ್ಟಿಸಿದರೆ ಇಡೀ ಉತ್ತರದ ಮೇಲಿನ ನಂಬಿಕೆ ಹೋಗುತ್ತದೆ. ಮೊಬೈಲಿನಲ್ಲಿ ಎಐ ಕೇಳಿ ತೀರ್ಪಿನ ಹೆಸರು ಬರೆದುಕೊಳ್ಳುವವರು ಅದನ್ನು ಇ-ಎಸ್‌ಸಿಆರ್‌ನಲ್ಲಿ ಹುಡುಕಿ ನೋಡದೆ ಕಾರ್ಡಿಗೆ ಇಳಿಸಬೇಡಿ.

ಹಂತ 6: ವಾರಕ್ಕೆ ಒಂದು ಅರ್ಧ ದಿನ ಕೋರ್ಟಿನಲ್ಲಿ

ಕೋರ್ಟಿನ ಬಾಗಿಲು ತೆರೆದೇ ಇರುತ್ತದೆ. ಗುಪ್ತ ವಿಚಾರಣೆ ಇಲ್ಲದಿದ್ದರೆ ಯಾರು ಬೇಕಾದರೂ ಹಿಂದೆ ಕೂತು ನೋಡಬಹುದು. ಕಾಲೇಜಿನ ಗುರುತಿನ ಚೀಟಿ, ಬಿಳಿ ಅಂಗಿ, ಮೊಬೈಲ್ ಬಂದ್. ಮೊದಲ ದಿನ ಬೆಂಚ್ ಕ್ಲರ್ಕ್‌ಗೆ ವಿದ್ಯಾರ್ಥಿ ಅಂತ ಹೇಳಿ ಕೂತುಕೊಳ್ಳಿ. ಬೆಳಿಗ್ಗೆ ಬರೀ ಮುದ್ದತು, ಅಂದರೆ ಮುಂದಿನ ತಾರೀಖು, ಕೂಗುವುದೇ ಆಗುತ್ತದೆ ಅಂತ ಬೇಜಾರಾಗಿ ಎದ್ದು ಬರಬೇಡಿ. ಕೂಗುವುದು ಮುಗಿದ ಮೇಲೆ ಸಾಕ್ಷಿ ವಿಚಾರಣೆ ಶುರುವಾಗುತ್ತದೆ.

ನಾನು ವಿದ್ಯಾರ್ಥಿಯಾಗಿದ್ದಾಗ ಒಂದು ತಾಲೂಕು ಕೋರ್ಟಿನಲ್ಲಿ ಬದುವಿನ ತಕರಾರಿನ ಸಾಕ್ಷಿ ನಡೆಯುತ್ತಿತ್ತು. ವಯಸ್ಸಾದ ರೈತರೊಬ್ಬರು ಕಟಕಟೆಯಲ್ಲಿದ್ದರು. ಎದುರು ವಕೀಲರು ಮೆತ್ತಗೆ ಕೇಳಿದರು: "ಅಜ್ಜಾರ, ಬಾಂದುಗಲ್ಲು ನೀವು ಕಡೀಗೆ ನೋಡಿದ್ದು ಯಾವಾಗ್ರಿ?" ಅಜ್ಜ ನೆನಪು ಮಾಡಿ, "ನಮ್ಮಪ್ಪ ಇದ್ದಾಗರಿ" ಅಂದರು. ವಕೀಲರು ಮುಂದೆ ಒಂದು ಮಾತೂ ಕೇಳದೆ ಕೂತುಬಿಟ್ಟರು. ಪಾಟಿ ಸವಾಲು (ಎದುರು ಕಡೆಯ ಸಾಕ್ಷಿಯನ್ನು ಪ್ರಶ್ನೆ ಮಾಡುವುದು) ಅಂದರೆ ಏನು, ಯಾವ ಪ್ರಶ್ನೆಗೆ ನಿಲ್ಲಿಸಬೇಕು ಅನ್ನುವುದು ಆ ಒಂದು ನಿಮಿಷದಲ್ಲಿ ತಿಳಿದಷ್ಟು ನನಗೆ ಪುಸ್ತಕದಲ್ಲಿ ತಿಳಿದಿರಲಿಲ್ಲ.

ನೋಡಿದ್ದನ್ನು ಅದೇ ದಿನ ಬರೆದಿಡಿ. ದಾವೆಯ ಬಗೆ, ಯಾವ ಹಂತ, ಸಾಕ್ಷಿ ಯಾರ ಕಡೆಯವರು, ಯಾವ ಪ್ರಶ್ನೆಗೆ ಆಕ್ಷೇಪ ಬಂತು, ನ್ಯಾಯಾಧೀಶರು ಏನೆಂದರು. ಕೊನೆಯ ವರ್ಷದ ಮೂಟ್ ಕೋರ್ಟ್ (ಅಣಕು ನ್ಯಾಯಾಲಯ) ಪೇಪರಿಗೆ ಒಂದು ಸಿವಿಲ್, ಒಂದು ಕ್ರಿಮಿನಲ್ ವಿಚಾರಣೆ ನೋಡಿದ ದಾಖಲೆ ಬೇಕು. ಬಾರ್ ಕೌನ್ಸಿಲ್ ಪಠ್ಯಕ್ರಮದಲ್ಲಿ ಅದಕ್ಕೇ 30 ಅಂಕ ಇವೆ. ಕೊನೆಗೆ ಗೆಳೆಯನ ಡೈರಿ ನೋಡಿ ನಕಲು ಮಾಡಿದವರು ವೈವಾದಲ್ಲಿ ಎರಡೇ ಪ್ರಶ್ನೆಗೆ ಸಿಕ್ಕಿಬೀಳುತ್ತಾರೆ.

ಹಂತ 7: 80 ಅಂಕದ ಪೇಪರನ್ನು ಬರೆಯುವ ರೀತಿ

ಒಂದು ವಿಷಯಕ್ಕೆ ಒಟ್ಟು 100. ಅದರಲ್ಲಿ 20 ಕಾಲೇಜಿನ ಆಂತರಿಕ ಅಂಕ, 80 ಲಿಖಿತ ಪರೀಕ್ಷೆ. ಪೇಪರಿನಲ್ಲಿ ಐದು ಘಟಕ. ಪ್ರತಿ ಘಟಕದಲ್ಲಿ 10 ಅಂಕದ ಒಂದು ಪ್ರಬಂಧ ಪ್ರಶ್ನೆ, 6 ಅಂಕದ ಒಂದು ಟಿಪ್ಪಣಿ ಅಥವಾ ಸಮಸ್ಯೆ. ಆಯ್ಕೆ ಘಟಕದ ಒಳಗೆ ಮಾತ್ರ. ಒಂದು ಘಟಕ ಬಿಟ್ಟರೆ 16 ಅಂಕ ಹೋಯಿತು, ಬೇರೆ ಘಟಕದಲ್ಲಿ ಎರಡು ಬರೆದು ತುಂಬಿಸಲು ಆಗುವುದಿಲ್ಲ. "ಇಂಪಾರ್ಟೆಂಟ್ ಪ್ರಶ್ನೆ" ಪಟ್ಟಿ ನಂಬಿ ಎರಡು ಘಟಕ ಬಿಟ್ಟು ಓದುವವರು ಇಲ್ಲೇ ಉಳಿಯುವುದು.

ಮೂರು ಗಂಟೆ ಅಂದರೆ 180 ನಿಮಿಷ. ಪ್ರಬಂಧಕ್ಕೆ 22, ಆರು ಅಂಕಕ್ಕೆ 12. ಒಂದು ಘಟಕಕ್ಕೆ 34 ನಿಮಿಷ, ಐದಕ್ಕೆ 170. ಉಳಿದ ಹತ್ತು ನಿಮಿಷ ಪ್ರಶ್ನೆ ಓದಲು, ನಂಬರು ಸರಿಯಾಗಿ ಹಾಕಿದ್ದೀರಾ ನೋಡಲು. ಮೊದಲ ಪ್ರಬಂಧಕ್ಕೆ ನಲವತ್ತು ನಿಮಿಷ ಸುರಿದು ಕೊನೆಯ ಘಟಕಕ್ಕೆ ಅರ್ಧ ಪುಟ ಬರೆದ ಉತ್ತರಪತ್ರಿಕೆಗಳನ್ನು ಬೇಕಾದಷ್ಟು ನೋಡಿದ್ದೇನೆ.

ಸಮಸ್ಯೆ ಪ್ರಶ್ನೆಗೆ ಹೆದರಿ ಎಲ್ಲರೂ ಟಿಪ್ಪಣಿ ಆರಿಸುತ್ತಾರೆ. ನಾನು ಉಲ್ಟಾ ಹೇಳುತ್ತೇನೆ: ಸಮಸ್ಯೆ ಬಿಡಿಸಲು ಕಲಿಯಿರಿ. ಒಂದು ನೋಡೋಣ. ಸಿಂದಗಿಯ 17 ವರ್ಷದ ಹುಡುಗ ತನ್ನ ಹೆಸರಿನ ಎರಡು ಎಕರೆ ಅಡವಿಟ್ಟು 3 ಲಕ್ಷ ಸಾಲ ಪಡೆದ. ವಯಸ್ಸು 20 ಎಂದು ಸುಳ್ಳು ಹೇಳಿದ. ಸಾಲ ಕೊಟ್ಟವನು ಅಡವು ಜಾರಿ ಮಾಡಿಸಬಹುದಾ?

ಮೊದಲ ಸಾಲು, ಪ್ರಶ್ನೆ ಏನು: ಅಪ್ರಾಪ್ತ ಮಾಡಿಕೊಂಡ ಕರಾರು ಊರ್ಜಿತವೇ? ಎರಡನೆಯದು ಕಾನೂನು: ಕರಾರು ಅಧಿನಿಯಮದ ಕಲಂ 10 ಮತ್ತು 11, ಪ್ರಾಪ್ತ ವಯಸ್ಸಿನವರಷ್ಟೇ ಕರಾರು ಮಾಡಬಲ್ಲರು. ಮೂರನೆಯದು ತೀರ್ಪು: ಮೊಹೊರಿ ಬೀಬಿ ಪ್ರಕರಣ, 1903, ಅಪ್ರಾಪ್ತರ ಕರಾರು ಆರಂಭದಿಂದಲೇ ಶೂನ್ಯ. ನಾಲ್ಕನೆಯದು ಅನ್ವಯ, ಅಂಕ ಇರುವುದು ಇಲ್ಲೇ. ಆ ಪ್ರಕರಣದಲ್ಲಿ ಸಾಲ ಕೊಟ್ಟವನ ಕಡೆಯವನಿಗೆ ಹುಡುಗನ ವಯಸ್ಸು ಗೊತ್ತಿತ್ತು. ಇಲ್ಲಿ ಹುಡುಗ ಸುಳ್ಳು ಹೇಳಿದ್ದಾನೆ. ಆದರೂ ಸುಳ್ಳು ಹೇಳಿದ ಮಾತ್ರಕ್ಕೆ ಶೂನ್ಯ ಕರಾರು ಊರ್ಜಿತವಾಗುವುದಿಲ್ಲ. ಕೊನೆಗೆ ತೀರ್ಮಾನ: ಅಡವು ಜಾರಿಯಾಗದು, ಆದರೆ ನಿರ್ದಿಷ್ಟ ಪರಿಹಾರ ಅಧಿನಿಯಮದ ಕಲಂ 33ರ ಪ್ರಕಾರ ಹುಡುಗನಿಗೆ ಆದ ಲಾಭದ ಮಟ್ಟಿಗೆ ಹಿಂದಿರುಗಿಸಲು ಕೋರ್ಟು ಹೇಳಬಹುದು. ಒಂದೂವರೆ ಪುಟ. ಟಿಪ್ಪಣಿಗಿಂತ ಬೇಗ ಮುಗಿಯುತ್ತದೆ, ಅಂಕವೂ ಚೆನ್ನಾಗಿ ಬರುತ್ತದೆ.

ಪರೀಕ್ಷೆಗೆ ಎರಡು ತಿಂಗಳು ಇರುವಾಗಿನಿಂದ ವಾರಕ್ಕೊಂದು ಘಟಕವನ್ನು ಗಡಿಯಾರ ಇಟ್ಟುಕೊಂಡು ಪೂರ್ತಿ ಬರೆಯಿರಿ. ಓದಿದ್ದು ಕೈಗೆ ಇಳಿಯಬೇಕು. ಗೈಡನ್ನು ಈಗ ತೆರೆಯಬಹುದು, ನೀವು ಬಿಟ್ಟ ಅಂಶ ಯಾವುದು ಅಂತ ನೋಡಲು ಮಾತ್ರ.

ಹಂತ 8: ಇಂಟರ್ನ್‌ಶಿಪ್, ಡ್ರಾಫ್ಟಿಂಗ್

ಮೂರು ವರ್ಷದವರಿಗೆ ಒಟ್ಟು 12 ವಾರ, ಐದು ವರ್ಷದವರಿಗೆ 20 ವಾರ ಇಂಟರ್ನ್‌ಶಿಪ್ ಬೇಕು. ಒಂದು ವರ್ಷದಲ್ಲಿ ಸತತ ನಾಲ್ಕು ವಾರಕ್ಕಿಂತ ಜಾಸ್ತಿ ಲೆಕ್ಕಕ್ಕೆ ಬರುವುದಿಲ್ಲ. ಹಾಗಾಗಿ ಕೊನೆಯ ವರ್ಷಕ್ಕೆ ಎಲ್ಲ ಒಟ್ಟು ಮಾಡುತ್ತೇನೆ ಅಂದರೆ ಆಗದು.

ಒಮ್ಮೆಯಾದರೂ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಮಾಡಿ. ಮಹಿಳೆಯರು, ಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಕೈಗಾರಿಕಾ ಕಾರ್ಮಿಕರು, ಬಂಧನದಲ್ಲಿರುವವರು ಇವರೆಲ್ಲರಿಗೂ 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯ ಕಲಂ 12ರ ಅಡಿ ಉಚಿತ ನೆರವು ಸಿಗುತ್ತದೆ. ಅವರ ಅರ್ಜಿ ಬರೆದುಕೊಡುತ್ತಾ ಕೂತರೆ, ಕಷ್ಟ ಹೇಳಿಕೊಳ್ಳುವವರ ಮಾತಿನಿಂದ ಕಾನೂನಿನ ಅಂಶ ಹೆಕ್ಕುವುದು ತಾನಾಗಿ ಬರುತ್ತದೆ.

ಡ್ರಾಫ್ಟಿಂಗ್ ಪೇಪರಿಗೆ ಅರ್ಜಿ, ದಾವೆಗಳದ್ದು 15, ಖರೀದಿ ಪತ್ರ, ಬಾಡಿಗೆ ಪತ್ರದಂಥ ದಸ್ತಾವೇಜುಗಳದ್ದು 15 ಅಭ್ಯಾಸ ಬರೆಯಬೇಕು. ಮನೆಯಲ್ಲಿರುವ ಹಳೆಯ ವಾಟ್ನಿ ಪತ್ರ, ಖರೀದಿ ಪತ್ರ ತೆಗೆದು ಓದಿ. ಚಕಬಂದಿ ಹೇಗೆ ಬರೆದಿದ್ದಾರೆ ನೋಡಿ. ನಾಲ್ಕು ದಿಕ್ಕಿನಲ್ಲಿ ಒಂದು ತಪ್ಪಾದರೆ ಎರಡು ತಲೆಮಾರು ಕೋರ್ಟಿಗೆ ಅಲೆಯುತ್ತದೆ.

ಹಂತ 9: ಬ್ಯಾಕ್ ಉಳಿದರೆ

ಮೊದಲು ಉತ್ತರಪತ್ರಿಕೆಯ ಜೆರಾಕ್ಸ್ ತರಿಸಿ. ಕೊನೆಯ ದಿನಾಂಕ ವಿಶ್ವವಿದ್ಯಾಲಯದ ಅಧಿಸೂಚನೆಯಲ್ಲಿರುತ್ತದೆ, ದಾಟಿಸಬೇಡಿ. ಮೂರು ಗುರುತು ಹುಡುಕಿ: ಘಟಕ ಬಿಟ್ಟಿದ್ದೀರಾ, ಕಲಂ ಇಲ್ಲದೆ ಬರೀ ಕಥೆ ಬರೆದಿದ್ದೀರಾ, ಕೇಳಿದ್ದು ಒಂದು ಬರೆದಿದ್ದು ಇನ್ನೊಂದಾ. ಮೌಲ್ಯಮಾಪನದಲ್ಲೇ ತಪ್ಪಿದೆ ಅನಿಸಿದರೆ ಮರುಮೌಲ್ಯಮಾಪನಕ್ಕೆ ಹಾಕಿ. ಇಲ್ಲದಿದ್ದರೆ ಆ ದುಡ್ಡು ಉಳಿಸಿ, ಹಂತ 4ಕ್ಕೆ ವಾಪಸ್ ಹೋಗಿ. ಮೂರು ಸೆಮಿಸ್ಟರ್ ಬ್ಯಾಕ್ ಒಟ್ಟಾದರೆ ಹೊಸ ವಿಷಯಕ್ಕೆ ಸಮಯವೇ ಉಳಿಯುವುದಿಲ್ಲ. ಒಂದು ಉಳಿದಾಗಲೇ ಎಚ್ಚರಾಗಿ.

ಹಂತ 10: ಸನದು

ಪದವಿ ಮುಗಿದ ಮೇಲೆ ಕರ್ನಾಟಕ ರಾಜ್ಯ ವಕೀಲರ ಪರಿಷತ್ತಿನಲ್ಲಿ ನೋಂದಣಿ. 2024ರ ಜುಲೈ 30ರಂದು ಸುಪ್ರೀಂ ಕೋರ್ಟ್, ನೋಂದಣಿ ಶುಲ್ಕ ವಕೀಲರ ಕಾಯ್ದೆಯಲ್ಲಿ ಇರುವಷ್ಟೇ ಇರಬೇಕು ಎಂದಿದೆ: ಸಾಮಾನ್ಯರಿಗೆ 750 ರೂಪಾಯಿ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ 125. ಇದರ ಮೇಲೆ ಯಾರಾದರೂ "ಮಾಡಿಸಿಕೊಡುತ್ತೇನೆ" ಅಂತ ಸಾವಿರಗಟ್ಟಲೆ ಕೇಳಿದರೆ ಕೊಡಬೇಡಿ, ಅರ್ಜಿ ನೀವೇ ತುಂಬಿ.

ನೋಂದಣಿಯಾದ ಎರಡು ವರ್ಷದೊಳಗೆ ಅಖಿಲ ಭಾರತ ಬಾರ್ ಪರೀಕ್ಷೆ ಪಾಸಾಗಬೇಕು. 100 ಬಹು ಆಯ್ಕೆ ಪ್ರಶ್ನೆ, ತಪ್ಪಿಗೆ ಅಂಕ ಕಡಿತ ಇಲ್ಲ. ಪಾಸಾಗಲು ಸಾಮಾನ್ಯ ಮತ್ತು ಹಿಂದುಳಿದ ವರ್ಗಕ್ಕೆ 45, ಪರಿಶಿಷ್ಟರಿಗೆ 40. ಟಿಪ್ಪಣಿ ಇಲ್ಲದ ಬೇರ್ ಆ್ಯಕ್ಟ್ ಒಳಗೆ ಒಯ್ಯಬಹುದು. ಅದರ ಮೇಲೆ ನೀವು ಬಣ್ಣ ಹಚ್ಚಿ, ಬರೆದು ಮಾಡಿದ ಪ್ರತಿಗಳು ಆಗುವುದಿಲ್ಲ, ಪರೀಕ್ಷೆಗೆ ಬೇರೆ ಸ್ವಚ್ಛ ಪ್ರತಿ ಇಟ್ಟುಕೊಳ್ಳಿ.

ಸೀನಿಯರ್ ಹುಡುಕುವಾಗ ಒಂದು ಮಾತು ಗಮನದಲ್ಲಿರಲಿ. ಬೆಳಗಾವಿ, ಬಾಗಲಕೋಟೆಯ ಪ್ರಕರಣಗಳು ಮೇಲ್ಮನವಿಗೆ ಧಾರವಾಡ ಪೀಠಕ್ಕೆ ಹೋಗುತ್ತವೆ, ವಿಜಯಪುರದವು ಕಲಬುರಗಿ ಪೀಠಕ್ಕೆ. ಆಲಮಟ್ಟಿ ಹಿನ್ನೀರಿನ ಭೂಸ್ವಾಧೀನ ಪರಿಹಾರದ ದಾವೆ, ವಾಟ್ನಿ ದಾವೆ ನಡೆಸುವ ಸಿವಿಲ್ ವಕೀಲರ ಆಫೀಸಿನಲ್ಲಿ ಮೊದಲ ಒಂದು ವರ್ಷ ಕೂತರೆ, ಉತಾರ ಓದುವುದರಿಂದ ಹಿಡಿದು ಮೇಲ್ಮನವಿಯ ಕಾಗದ ಜೋಡಿಸುವವರೆಗೆ ಎಲ್ಲ ಕೈಗೆ ಹತ್ತುತ್ತದೆ. ಸೇರುವ ಮೊದಲು ಆ ಆಫೀಸಿಗೆ ಒಂದು ಸಂಜೆ ಹೋಗಿ, ಅಲ್ಲಿನ ಜೂನಿಯರ್‌ಗಳಿಗೆ ಸ್ವಂತವಾಗಿ ಡ್ರಾಫ್ಟ್ ಬರೆಯಲು ಕೊಡುತ್ತಾರಾ, ಬರೀ ಮುದ್ದತು ತೆಗೆದುಕೊಳ್ಳಲು ಓಡಿಸುತ್ತಾರಾ ಅಂತ ಕೇಳಿಕೊಂಡು ಬನ್ನಿ.